ಕಾಫಿ ತೋಟದ ಗಡಿ ಅಳತೆಗೆ ಆರ್‌ಟಿಕೆ ರೋವರ್: ಮರದಡಿ ಎಷ್ಟು ನಂಬಬಹುದು?

ಹ್ಯಾಂಡ್‌ಪೋಸ್ಟ್_ತೋಟ:
ಮೂಡಿಗೆರೆ ಕಡೆ 4 ಎಕರೆ 18 ಗುಂಟೆ ರೊಬಸ್ಟಾ ತೋಟ. ಪೋಡಿ (ಹಿಸ್ಸೆ ಅಳೆದು ಬೇರ್ಪಡಿಸುವುದು) ಆಗಿದೆ, ಪಹಣಿ ಒಂದೇ ಹೆಸರಿನಲ್ಲಿದೆ. ಪೂರ್ವದ ಗಡಿಗೆ ಪಕ್ಕದವರು ತಂತಿ ಬೇಲಿ ಹಾಕುವವರಿದ್ದಾರೆ, ಅದಕ್ಕೆ ಮುಂಚೆ ಗಡಿ ಖಚಿತವಾಗಬೇಕು. ಮೊಬೈಲ್ ಆ್ಯಪಿನಲ್ಲಿ ನೋಡಿದರೆ ಗೆರೆ ನಮ್ಮ ಕಡೆಗೆ ಮೂರು ಸಾಲು ಗಿಡ ಒಳಗೆ ಬರುತ್ತದೆ. ಬಾಡಿಗೆಗೆ ಆರ್‌ಟಿಕೆ ರೋವರ್ (ಬೇಸ್ ಎಂಬ ಸ್ಥಿರ ಕೇಂದ್ರದಿಂದ ತಿದ್ದುಪಡಿ ಪಡೆಯುವ, ಕೋಲಿಗೆ ಕಟ್ಟಿ ಒಯ್ಯುವ ನಿಖರ ಜಿಪಿಎಸ್) ಸಿಗುತ್ತದೆ, ಎರಡು ಸೆಂಟಿಮೀಟರ್ ನಿಖರತೆ ಅಂತಾರೆ. ತೋಟದ ತುಂಬ ಸಿಲ್ವರ್ ಓಕ್, ಹಲಸು, ಮೇಲೆ ಮೆಣಸಿನ ಬಳ್ಳಿ. ಇಲ್ಲಿ ಅದು ಕೆಲಸ ಮಾಡುತ್ತದೆಯೇ? ರೋವರ್ ತೋರಿಸಿದ್ದೇ ಗಡಿ ಅಂತ ಹಿಡಿಯಬಹುದೇ?

ಸರಪಳಿ_ಆಣೆ:
ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ನೀವು ಎಲ್ಲಿ ನಿಂತಿದ್ದೀರಿ ಅನ್ನುವುದನ್ನು ರೋವರ್ ಹೇಳುತ್ತದೆ. ಗಡಿ ಎಲ್ಲಿದೆ ಅನ್ನುವುದು ಟಿಪ್ಪಣಿಯಲ್ಲೂ (ಮೂಲ ಸರ್ವೆಯ ಅಳತೆ ಚಿತ್ರ) ಬಾಂದುಕಲ್ಲಿನಲ್ಲೂ (ಸರ್ವೆ ಗಡಿಕಲ್ಲು) ಇದೆ. ಹಳೇ ಟಿಪ್ಪಣಿಯಲ್ಲಿ ಅಕ್ಷಾಂಶ ರೇಖಾಂಶ ಯಾವುದೂ ಇಲ್ಲ. ಒಂದು ಬೇಸ್ ಲೈನ್, ಅದರಿಂದ ಎಡಬಲಕ್ಕೆ ತೆಗೆದ ಲಂಬದ ಅಳತೆಗಳು, ಅಷ್ಟೇ. ಹೀಗಾಗಿ ರೋವರಿಗೆ ತುಂಬುವುದಕ್ಕೆ ಸಿದ್ಧ ಗಡಿ ಅಂತ ಒಂದು ಇರುವುದೇ ಇಲ್ಲ.

ಆ್ಯಪಿನ ಗೆರೆ ನೋಡಿ ಗಾಬರಿ ಬೇಡ. ಅದರ ಮೂಲ ಗ್ರಾಮ ನಕ್ಷೆ, 8 ಇಂಚಿಗೆ 1 ಮೈಲಿ, ಅಂದರೆ 1:7920. ನಕ್ಷೆಯ ಮೇಲೆ 1 ಮಿಲಿಮೀಟರ್ ಅಂದರೆ ನೆಲದ ಮೇಲೆ 7.92 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ 4 ಮೀಟರ್ ನುಂಗುತ್ತದೆ, ಮರದಡಿ ಮೊಬೈಲಿನ ಜಿಪಿಎಸ್ ತಪ್ಪು ಇದಕ್ಕೆ ಹೆಚ್ಚುವರಿ. ದಿಶಾಂಕ್‌ನಂಥ ಆ್ಯಪ್‌ಗಳು ನಿಂತ ಜಾಗ ಯಾವ ಸರ್ವೆ ನಂಬರು ಅಂತ ತಿಳಿಯಲು ಬಹಳ ಉಪಯುಕ್ತ. ಬೇಲಿ ಗುಣಿ ತೋಡಲು ಅಲ್ಲ.

ಮೊದಲು ನಿಮ್ಮ ನಂಬರಿನ ಟಿಪ್ಪಣಿ, ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಪೋಡಿ ನಕ್ಷೆಯ ನಕಲು ತೆಗೆಸಿ. ಪಕ್ಕದ ನಂಬರಿನ ಟಿಪ್ಪಣಿಯೂ ಬೇಕೇ ಬೇಕು, ಪೂರ್ವದ ಗೆರೆ ಇಬ್ಬರ ಟಿಪ್ಪಣಿಯಲ್ಲೂ ಒಂದೇ ಅಳತೆ ತೋರಿಸಬೇಕು. ಅಳತೆ ಸರಪಳಿ-ಆಣೆಯಲ್ಲಿರುತ್ತದೆ: 1 ಸರಪಳಿ 33 ಅಡಿ, ಅಂದರೆ 10.0584 ಮೀಟರ್. 16 ಆಣೆಗೆ ಒಂದು ಸರಪಳಿ, ಹಾಗಾಗಿ ಉದ್ದದಲ್ಲಿ 1 ಆಣೆ ಸುಮಾರು 63 ಸೆಂಟಿಮೀಟರ್. 66 ಅಡಿಯ ಗಂಟರ್ ಸರಪಳಿ ಅಂತ ಲೆಕ್ಕ ಹಾಕಿದರೆ ಎಲ್ಲ ದುಪ್ಪಟ್ಟಾಗುತ್ತದೆ, ಹೊಸಬರು ಎಡವುವುದು ಇಲ್ಲೇ. ಉದಾಹರಣೆಗೆ 12 ಸರಪಳಿ 8 ಆಣೆ ಅಂತಿದ್ದರೆ 125.73 ಮೀಟರ್. ಎರಡು ಕಲ್ಲಿನ ನಡುವೆ ರೋವರ್ 126.05 ತೋರಿಸಿದರೆ ವ್ಯತ್ಯಾಸ ಸುಮಾರು ಅರ್ಧ ಆಣೆ, ಒಪ್ಪಬಹುದು. 131 ಬಂದರೆ ಎರಡರಲ್ಲಿ ಒಂದು ಕಲ್ಲು ನಿಮ್ಮದಲ್ಲ, ಇಲ್ಲವೇ ಜಾಗ ಬಿಟ್ಟಿದೆ. ದಾಖಲೆಯೇ ಅರ್ಧ ಆಣೆ ಮಟ್ಟದ್ದಾಗಿರುವಾಗ ಎರಡು ಸೆಂಟಿಮೀಟರ್ ಬಗ್ಗೆ ಜಗಳ ಆಡುವವರನ್ನು ಕಂಡರೆ ನಗು ಬರುತ್ತದೆ.

ಬೇಸ್_ರೋವರ್_ಹಾಸನ:
ಮರದಡಿ ವಿಷಯಕ್ಕೆ ಬರೋಣ. ಕ್ಯಾಟಲಾಗಿನ 8 ಮಿ.ಮೀ. + 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಅನ್ನುವುದು ಬಯಲಿನ ಲೆಕ್ಕ. ದಟ್ಟ ನೆರಳಿನಲ್ಲಿ ಕಡಿಮೆ ಉಪಗ್ರಹ ಸಿಗುತ್ತವೆ, ಸಿಕ್ಕ ಸಿಗ್ನಲ್ಲೂ ಕಾಂಡಕ್ಕೆ ಬಡಿದು ಸುತ್ತಿ ಬರುತ್ತದೆ. ಫಿಕ್ಸ್ (ಸೆಂಟಿಮೀಟರ್ ಮಟ್ಟದ ಖಚಿತ ಉತ್ತರ) ಬರದೆ ಫ್ಲೋಟ್‌ನಲ್ಲಿ (ಇನ್ನೂ ಖಚಿತವಾಗದ ಸ್ಥಿತಿ) ನಿಂತರೆ ಒಳ್ಳೆಯದೇ, ಕನಿಷ್ಠ ಗೊತ್ತಾಗುತ್ತದೆ. ಅಪಾಯ ಇರುವುದು ಸುಳ್ಳು ಫಿಕ್ಸ್‌ನಲ್ಲಿ: ಪರದೆ ಮೇಲೆ 'ಫಿಕ್ಸ್ಡ್, 2 ಸೆಂ.ಮೀ.' ಅಂತಿರುತ್ತದೆ, ನಿಜದಲ್ಲಿ ಅರ್ಧ ಮೀಟರ್, ಒಂದು ಮೀಟರ್ ಆಚೆ ಇರುತ್ತದೆ.

ಹಿಡಿಯುವುದು ಹೀಗೆ. ಫಿಕ್ಸ್ ಅನ್ನು ತೆರೆದ ಜಾಗದಲ್ಲಿ ಪಡೆದು ಒಳಗೆ ನಡೆಯಿರಿ. ಎಲಿವೇಷನ್ ಮಾಸ್ಕ್ (ದಿಗಂತದಿಂದ ಇಷ್ಟು ಎತ್ತರಕ್ಕಿಂತ ಕೆಳಗಿನ ಉಪಗ್ರಹ ಬಿಡುವ ಮಿತಿ) 10ರಿಂದ 15 ಡಿಗ್ರಿ, ಪಿಡಾಪ್ (ಉಪಗ್ರಹಗಳ ಹರಡುವಿಕೆಯ ಅಂಕ, ಕಡಿಮೆಯಿದ್ದಷ್ಟು ಒಳ್ಳೆಯದು) 3ಕ್ಕಿಂತ ಕೆಳಗೆ. ಗಡಿ ಬಿಂದುವಿನಲ್ಲಿ ಕೋಲಿಗೆ ಬೈಪಾಡ್ ಕಟ್ಟಿ 3 ನಿಮಿಷ ಓದಿ. ಆಮೇಲೆ ಇನಿಷಿಯಲೈಸೇಷನ್ ಕಿತ್ತುಹಾಕಿ, ಅಂದರೆ ಇದ್ದ ಫಿಕ್ಸ್ ಅಳಿಸಿ, ಹೊಸ ಫಿಕ್ಸ್ ತಂದು ಮತ್ತೆ ಓದಿ. ಕನಿಷ್ಠ ಒಂದು ಗಂಟೆ ಬಿಟ್ಟು ಮೂರನೇ ಸಲ, ಅಷ್ಟರಲ್ಲಿ ಉಪಗ್ರಹಗಳ ಜೋಡಣೆ ಬದಲಾಗಿರುತ್ತದೆ. ಮೂರೂ 3 ಸೆಂ.ಮೀ. ಒಳಗೆ ಕೂಡಿದರೆ ಸರಾಸರಿ ತೆಗೆಯಿರಿ. ಒಂದು ಮಾತ್ರ ದೂರ ಹೋದರೆ ಸರಾಸರಿ ಮಾಡಬೇಡಿ, ಆ ಬಿಂದುವನ್ನು ಟೋಟಲ್ ಸ್ಟೇಷನ್‌ಗೆ (ಉಪಗ್ರಹವಿಲ್ಲದೆ ಕೋನ, ದೂರ ಅಳೆಯುವ ಯಂತ್ರ) ಬಿಡಿ. ಇನ್ನೊಂದು, ಕೋಲು ನೆಟ್ಟಗಿದೆಯೇ ಅಂತ ತೋರಿಸುವ ಗುಳ್ಳೆ ಪರೀಕ್ಷಿಸಿ: 2 ಮೀಟರ್ ಕೋಲು 1 ಡಿಗ್ರಿ ವಾಲಿದರೆ ತುದಿಯಲ್ಲಿ 3.5 ಸೆಂ.ಮೀ. ತಪ್ಪು. ಬಾಡಿಗೆ ಕೋಲಿನ ಗುಳ್ಳೆ ನೆಟ್ಟಗಿರುವುದು ಅಪರೂಪ.

ನಿಮ್ಮ ತೋಟದ ವಿವರ ನೋಡಿದರೆ ಒಳಗಿನ ಮೂಲೆಗಳಿಗೆ ಟೋಟಲ್ ಸ್ಟೇಷನ್ನೇ ಸರಿ. ರಸ್ತೆ, ಕಣ, ಕೆರೆ ಏರಿಯಂಥ ತೆರೆದ ಕಡೆ ರೋವರಿನಿಂದ ಎರಡು ಬಿಂದು ಇಟ್ಟು ಅಲ್ಲಿಂದ ಟ್ರಾವರ್ಸ್ (ಬಿಂದುವಿನಿಂದ ಬಿಂದುವಿಗೆ ಕೋನ, ದೂರ ಅಳೆಯುತ್ತ ಸಾಗುವ ಸರಣಿ) ಒಳಗೆ ಒಯ್ಯಿರಿ, ಹೊರಗಿನ ಇನ್ನೊಂದು ಬಿಂದುವಿಗೆ ಮುಚ್ಚಿರಿ. ಆ ಎರಡು ಬಿಂದು ಒಂದಕ್ಕೊಂದು ಕಾಣಬೇಕು, ದೂರ 150 ಮೀಟರಿಗೆ ಕಡಿಮೆ ಬೇಡ. 50 ಮೀಟರ್ ಅಂತರದಲ್ಲಿಟ್ಟು ಒಂದೊಂದರಲ್ಲೂ 2 ಸೆಂ.ಮೀ. ತಪ್ಪಿದ್ದರೆ, ದಿಕ್ಕು ತಿರುಗಿ 200 ಮೀಟರ್ ಆಚೆಯ ಮೂಲೆ 11 ಸೆಂ.ಮೀ. ಸರಿಯಬಹುದು.

ತಿದ್ದುಪಡಿಗೆ ಸರ್ವೆ ಆಫ್ ಇಂಡಿಯಾದ ಕಾರ್ಸ್ (ಸದಾ ಓದುವ ಸ್ಥಿರ ಬೇಸ್‌ಗಳ) ಜಾಲಕ್ಕೆ ನೋಂದಾಯಿಸಿ ಎನ್‌ಟ್ರಿಪ್ (ಇಂಟರ್ನೆಟ್ ಮೂಲಕ ತಿದ್ದುಪಡಿ ಕಳಿಸುವ ವಿಧಾನ) ಬಳಸಬಹುದು, ಆದರೆ ಅದಕ್ಕೆ ಮೊಬೈಲ್ ಇಂಟರ್ನೆಟ್ ಬೇಕು. ಹಳ್ಳದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಸ್ವಂತ ಬೇಸ್ ಇಡಿ, ಕಚ್ಚಾ ಡೇಟಾ ರೆಕಾರ್ಡ್ ಮಾಡಿ ಮನೆಯಲ್ಲಿ ಪೋಸ್ಟ್ ಪ್ರೊಸೆಸ್ ಮಾಡಿ, ಅಂದರೆ ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಿ. ಬೇಸಿಗೆ ಗೊತ್ತಿರುವ ಅಂಕಿ ಕೊಡದೆ, ಅದು ತಾನೇ ಓದಿದ ಜಾಗದ ಸರಾಸರಿ ಒತ್ತಿ ಶುರು ಮಾಡಿದರೆ ಇಡೀ ತೋಟ ಒಂದೆರಡು ಮೀಟರ್ ಒಟ್ಟಿಗೇ ಸರಿದಿರುತ್ತದೆ. ಆಕಾರ ಸರಿಯಿರುತ್ತದೆ, ಆದರೆ ಮಾರನೇ ದಿನ ಮತ್ತೆ ಸರಾಸರಿ ಒತ್ತಿದರೆ ಎರಡು ದಿನದ ಬಿಂದುಗಳು ಕೂಡುವುದಿಲ್ಲ. ಕಾಂಕ್ರೀಟಿನಲ್ಲಿ ಮೊಳೆ ಹೊಡೆದು ಅದೇ ಬಿಂದು, ಅದೇ ಅಂಕಿ ಬಳಸಿ.

ಸಮಯವೂ ಮುಖ್ಯ. ನಾವು ಭೂಕಾಂತೀಯ ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಮಧ್ಯಾಹ್ನ ಅಯಾನುಗೋಳದ ತೊಂದರೆ ಜಾಸ್ತಿ, ಫಿಕ್ಸ್ ತಡವಾಗುತ್ತದೆ. ಬೆಳಿಗ್ಗೆ 11ರ ಒಳಗೆ ಮುಗಿಸಿ. ಒದ್ದೆ ಎಲೆ ಸಿಗ್ನಲ್ ಹೀರುತ್ತದೆ, ಮಳೆಗಾಲ ಬೇಡವೇ ಬೇಡ. ಕೊಯ್ಲು ಮುಗಿದು ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಆದ ಮೇಲೆ ಮಾಡಿಸಿದರೆ ಅರ್ಧ ಕಷ್ಟ ಕಡಿಮೆ. ನ್ಯಾವಿಕ್ (ಭಾರತದ ಸ್ವಂತ ಜಿಪಿಎಸ್‌ನಂಥ ವ್ಯವಸ್ಥೆ) ಆನ್ ಮಾಡಿದರೆ ಮರದಡಿ ಸಹಾಯ ಆಗುತ್ತದೆಯೇ ಅಂತ ಇಲ್ಲಿ ಆಗಾಗ ಕೇಳುತ್ತಾರೆ. ಆ ಉಪಗ್ರಹಗಳ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲೇ ಇದೆ, ಅಭಿಮಾನ ಸರಿ. ಆದರೆ ನಿಮಗೆ ಬರುವ ತಿದ್ದುಪಡಿಯಲ್ಲಿ ನ್ಯಾವಿಕ್ ಡೇಟಾ ಇಲ್ಲದಿದ್ದರೆ ಫಿಕ್ಸ್‌ಗೆ ಅದು ಲೆಕ್ಕಕ್ಕಿಲ್ಲ.

ಹ್ಯಾಂಡ್‌ಪೋಸ್ಟ್_ತೋಟ:
ತುಂಬಾ ಉಪಕಾರ. ರಸ್ತೆ ಬದಿ ಎರಡು ಬಿಂದು ಇಟ್ಟಾಯಿತು. ರೋವರ್ ಪ್ರಕಾರ ನಡುವಿನ ದೂರ 152.31, ಟೋಟಲ್ ಸ್ಟೇಷನ್‌ನಲ್ಲಿ 152.38. ಮೂರು ಸಲ ಓದಿದರೂ ಇದೇ 7 ಸೆಂ.ಮೀ. ಯಾವ ಯಂತ್ರ ತಪ್ಪು?

ಗ್ರಿಡ್_ಗ್ರೌಂಡ್:
ಎರಡೂ ಸರಿ. ರೋವರ್ ಕೊಟ್ಟದ್ದು ಯುಟಿಎಂ ಗ್ರಿಡ್ ದೂರ (ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸಿದ ಲೆಕ್ಕ), ಟೋಟಲ್ ಸ್ಟೇಷನ್ ಕೊಟ್ಟದ್ದು ನೆಲದ ದೂರ. ನಮ್ಮ ಎರಡೂ ಜಿಲ್ಲೆ, ಚಿಕ್ಕಮಗಳೂರು ಮತ್ತು ಹಾಸನ, ಯುಟಿಎಂ ವಲಯ 43 ಉತ್ತರಕ್ಕೆ ಸೇರುತ್ತವೆ, ಅದರ ಮಧ್ಯರೇಖೆ 75 ಡಿಗ್ರಿ ಪೂರ್ವ, ಅಲ್ಲಿ ಸ್ಕೇಲ್, ಅಂದರೆ ನಕ್ಷೆಗೆ ಇಳಿಸುವಾಗ ದೂರ ಕುಗ್ಗುವ ಪ್ರಮಾಣ, 0.9996. ಚಿಕ್ಕಮಗಳೂರಿನ ಹತ್ತಿರ ಅದು ಸುಮಾರು 0.99969 ಆಗುತ್ತದೆ. ಸಾವಿರ ಮೀಟರಿನ ಆಸುಪಾಸಿನ ಎತ್ತರಕ್ಕೆ ಇನ್ನೂ ಸುಮಾರು 157 ಪಿಪಿಎಂ ಕಳೆಯಬೇಕು. ಒಟ್ಟು 470 ಪಿಪಿಎಂ ಹತ್ತಿರ, ಅಂದರೆ 152 ಮೀಟರಿಗೆ 7 ಸೆಂ.ಮೀ. ಹಾಸನ ಊರಿನ ಬಳಿ ಇದು 360ರ ಸುಮಾರಿಗೆ ಇಳಿಯುತ್ತದೆ.

ವಿಸ್ತೀರ್ಣದಲ್ಲಿ ಇದು ಎರಡರಷ್ಟು. 10 ಎಕರೆಗೆ ಸುಮಾರು 6 ಆಣೆ (ಇಲ್ಲಿ ಆಣೆ ಅಂದರೆ ಗುಂಟೆಯ ಹದಿನಾರನೇ ಒಂದು ಭಾಗ) ಕಡಿಮೆ ತೋರಿಸುತ್ತದೆ, ನಿಮ್ಮ 4 ಎಕರೆ 18 ಗುಂಟೆಗೆ ಮೂರು ಆಣೆಗೆ ಸ್ವಲ್ಪ ಕಡಿಮೆ. ಪಕ್ಕದವರು ಒತ್ತುವರಿ ಮಾಡಿದರು ಅಂತ ಇದಕ್ಕೇ ಕೂಗಾಡಿದವರಿದ್ದಾರೆ. ರೋವರ್ ತಂತ್ರಾಂಶದಲ್ಲಿ 'ಗ್ರೌಂಡ್ ದೂರ' ಆಯ್ಕೆ ಮಾಡಿ, ಇಲ್ಲವೇ ತೋಟದ ಮಧ್ಯದ ಒಂದು ಬಿಂದುವಿನ ಸಂಯುಕ್ತ ಸ್ಕೇಲ್ (ಗ್ರಿಡ್, ಎತ್ತರ ಎರಡೂ ಸೇರಿದ್ದು) ಹಾಕಿ. ಟಿಪ್ಪಣಿಯ ಸರಪಳಿ ಎಳೆದದ್ದು ನೆಲದ ಮೇಲೆ, ಹೋಲಿಕೆಯೂ ನೆಲದ ಅಳತೆಯಲ್ಲೇ ಆಗಬೇಕು.

ಸರಪಳಿ_ಆಣೆ:
ಇನ್ನು ಟಿಪ್ಪಣಿಯನ್ನು ನೆಲಕ್ಕೆ ಕೂಡಿಸುವುದು. ಎರಡೇ ಕಲ್ಲಿಗೆ ಕೂಡಿಸಿದರೆ ಯಾವ ಕಲ್ಲು ತಪ್ಪು ಅಂತ ತಿಳಿಯುವುದೇ ಇಲ್ಲ. ಕನಿಷ್ಠ ಮೂರು, ಸಾಧ್ಯವಾದರೆ ನಾಲ್ಕು ಕಲ್ಲು, ಜಮೀನಿನ ಸುತ್ತ ಹರಡಿರಬೇಕು. ಎಲ್ಲ ಒಂದೇ ಮಗ್ಗುಲಲ್ಲಿದ್ದರೆ ಪ್ರಯೋಜನವಿಲ್ಲ. ನಿಮ್ಮ ನಂಬರಿನ ಕಲ್ಲು ಸಿಗದಿದ್ದರೆ ಅಕ್ಕಪಕ್ಕದ ನಂಬರಿನವು, ಹತ್ತಿರದಲ್ಲಿದ್ದರೆ ಮೂರು ಗ್ರಾಮ ಸೇರುವ ಗಡಿಕಲ್ಲು ಹುಡುಕಿ. ಸ್ಕೇಲನ್ನು 1ಕ್ಕೆ ಕಟ್ಟಿಹಾಕಿ ಸರಿಸುವುದಕ್ಕೆ, ತಿರುಗಿಸುವುದಕ್ಕೆ ಮಾತ್ರ ಅವಕಾಶ ಕೊಡಿ. ಸ್ಕೇಲ್ ಸಡಿಲ ಬಿಟ್ಟರೆ ಸರಿದ ಕಲ್ಲಿನ ತಪ್ಪನ್ನು ತಂತ್ರಾಂಶ ಇಡೀ ಜಮೀನಿಗೆ ಹಂಚಿ ಚೆಂದ ಮಾಡಿ ತೋರಿಸುತ್ತದೆ. ಒಂದೊಂದು ಕಲ್ಲನ್ನು ಬಿಟ್ಟು ಬಿಟ್ಟು ಮತ್ತೆ ಕೂಡಿಸಿ ನೋಡಿ. ಯಾವುದನ್ನು ಬಿಟ್ಟಾಗ ಉಳಿದವು ಅರ್ಧ ಆಣೆಯೊಳಗೆ ಕೂರುತ್ತವೋ ಆ ಕಲ್ಲಿನ ಮೇಲೆ ಅನುಮಾನ. ಜೆಸಿಬಿ ರಸ್ತೆ ಮಾಡಿದ ಕಡೆ ಕಲ್ಲು ಕಿತ್ತು ಪಕ್ಕಕ್ಕೆ ನೆಟ್ಟಿರುವುದು ಮಾಮೂಲು. ಬುಡ ಬಗೆದರೆ ಮಣ್ಣು ಸಡಿಲವಾಗಿರುತ್ತದೆ.

ಇಷ್ಟೆಲ್ಲ ಮಾಡಿದರೂ ಇದು ನಿಮ್ಮ ತಿಳಿವಳಿಕೆಗೆ ಮಾತ್ರ, ಕಾನೂನಿನ ಮುಂದೆ ನಿಲ್ಲುವುದು ಇಲಾಖೆಯ ಹದ್ದುಬಸ್ತು (ಸರ್ಕಾರಿ ಭೂಮಾಪಕರು ಗಡಿ ಗುರುತಿಸುವುದು). ನಾಡಕಚೇರಿಯಲ್ಲಿ ಮೋಜಿಣಿ (ಅಳತೆ) ಅರ್ಜಿ ಹಾಕಿ, ಅಕ್ಕಪಕ್ಕದವರಿಗೆ ನೋಟಿಸ್ ಹೋಗಿದೆಯೇ ನೋಡಿಕೊಳ್ಳಿ. ಅಳತೆಯ ದಿನ ನಿಮ್ಮ ಕಲ್ಲುಗಳ ಪಟ್ಟಿ, ನೆಲದ ದೂರಗಳು, ಎರಡೂ ಟಿಪ್ಪಣಿಯ ನಕಲು ಭೂಮಾಪಕರ ಕೈಗೆ ಕೊಡಿ. ಗೆರೆ ತೋರಿಸಿ ಕಲ್ಲು ನೆಟ್ಟ ಕೂಡಲೇ, ಪಕ್ಕದವರು ಎದುರಿಗಿರುವಾಗಲೇ, ಟ್ರಾವರ್ಸ್ ಬಿಂದುಗಳಿಂದ ಆ ಹೊಸ ಕಲ್ಲುಗಳನ್ನು ಓದಿ ಅಂಕಿ ಬರೆದಿಟ್ಟುಕೊಳ್ಳಿ. ಮುಂದೆ ಯಾವ ಕಲ್ಲು ಕಿತ್ತುಹೋದರೂ ಅದೇ ಜಾಗಕ್ಕೆ ಮರಳಿ ನೆಡಬಹುದು. ರೋವರ್ ಬಾಡಿಗೆ ನಿಜವಾಗಿ ಹುಟ್ಟುವುದು ಅಲ್ಲಿ.