ಮಂಡಿನೋವಿನ ಅಮ್ಮನ ಜೊತೆ ಹಗಲಲ್ಲಿ ಚಾಮುಂಡಿ ಬೆಟ್ಟ: ಹೋಗಿಬಂದವರು ಹೇಳಿ

ಪ್ರಶ್ನೆ: ಹುಬ್ಬಳ್ಳಿಯಿಂದ ಮೈಸೂರಿಗೆ ಬರುತ್ತಿದ್ದೇವೆ. ನಾನು, ಅಮ್ಮ, ಆರು ವರ್ಷದ ಮಗಳು. ಸಂಜೆ ರೈಲಿದೆ, ಬೆಟ್ಟದ ಮೇಲಿಂದ ಊರಿನ ದೀಪ ನೋಡೋಕೆ ಆಗಲ್ಲ. ಹಗಲಲ್ಲಿ ಹೋದರೂ ಚೆನ್ನಾಗಿರುತ್ತಾ? ಅಮ್ಮನಿಗೆ ಮಂಡಿನೋವು. ಆದರೂ ಮೆಟ್ಟಿಲು ಹತ್ತಲೇಬೇಕು ಅಂತ ಹಟ.

ಮೈಸೂರಿನಿಂದ: ಧಾರಾಳವಾಗಿ ಹೋಗಿ. ನನ್ನ ಕೇಳಿದರೆ ಊರು ನೋಡೋಕೆ ಬೆಳಗ್ಗೆಯೇ ಸರಿ. ರಾತ್ರಿ ಬರೀ ದೀಪ ಕಾಣುತ್ತೆ, ಯಾವುದು ಎಲ್ಲಿದೆ ಅಂತ ತಿಳಿಯಲ್ಲ. ಊರು ಬೆಟ್ಟದ ಉತ್ತರಕ್ಕೆ, ಸ್ವಲ್ಪ ಪಶ್ಚಿಮಕ್ಕೆ ಇರೋದರಿಂದ ಬೆಳಗ್ಗೆ ಬಿಸಿಲು ಕಣ್ಣಿಗೆ ಹೊಡೆಯಲ್ಲ. ರಸ್ತೆ ಬದಿಯ ವ್ಯೂ ಪಾಯಿಂಟಲ್ಲಿ ನಿಂತು ಮೊದಲು ರೇಸ್ ಕೋರ್ಸ್ ಹುಡುಕಿ. ಉದ್ದುದ್ದ ಹಸಿರು ಮೈದಾನ, ತಪ್ಪೋಕೇ ಸಾಧ್ಯವಿಲ್ಲ. ಅದರಾಚೆ ಅರಮನೆಯ ಗುಮ್ಮಟಗಳು. ಬಲಕ್ಕೆ ಕಾರಂಜಿ ಕೆರೆ, ಇನ್ನೂ ಬಲಕ್ಕೆ ಬೆಳ್ಳಗೆ ಲಲಿತಮಹಲ್. ಮಗಳಿಗೆ ಒಂದೊಂದಾಗಿ ಹುಡುಕೋಕೆ ಹೇಳಿ, ಅರ್ಧ ಗಂಟೆ ಸುಮ್ನೆ ಕಳೆದುಹೋಗುತ್ತೆ. ಚಳಿಗಾಲವಾದರೆ ಒಂಬತ್ತರ ಮೇಲೆ ಹೋಗಿ, ಅದಕ್ಕೆ ಮೊದಲು ಮಂಜಿರುತ್ತೆ.

ಸಿಟಿ ಬಸ್ ಸ್ಟ್ಯಾಂಡಿಂದ 201 ನಂಬರಿನ ಬಸ್ಸಿದೆ. ಸಾದಾ ಬಸ್ಸಾದರೆ ಅಮ್ಮ ಆಧಾರ್ ತೋರಿಸಿದರೆ ಸಾಕು, ದುಡ್ಡಿಲ್ಲ. ದೇವಸ್ಥಾನದ ಬಾಗಿಲು ಮಧ್ಯಾಹ್ನ ಎರಡಕ್ಕೆ ಹಾಕುತ್ತಾರೆ, ಅಷ್ಟರೊಳಗೆ ದರ್ಶನ ಮುಗಿಸಿಕೊಳ್ಳಿ. ಆಷಾಢ ಶುಕ್ರವಾರವಾದರೆ ಮಾತ್ರ ಬೇಡವೇ ಬೇಡ, ಕಾಲಿಡೋಕೂ ಜಾಗ ಇರಲ್ಲ.

ಮಂಡ್ಯದಿಂದ: ಕೋತಿ ಜಾಸ್ತಿ. ಬಾಳೆಹಣ್ಣಿನ ಕವರ್ ಮಗಳ ಕೈಗೆ ಕೊಡಬೇಡಿ.

ಇನ್ನೊಬ್ಬರು: ಬಸ್ಸಲ್ಲಿ ಹೋಗಿ, ಮೆಟ್ಟಿಲಲ್ಲಿ ಇಳಿದು ಬನ್ನಿ. ಇಳಿಯೋದು ಸುಲಭ.

ಮೈಸೂರಿನ ಅಕ್ಕ ಒಬ್ಬರು: ಮಂಡಿನೋವು ಇರೋರಿಗೆ ಹತ್ತೋದಕ್ಕಿಂತ ಇಳಿಯೋದೇ ಕಷ್ಟ ಕಣಪ್ಪಾ. ನಮ್ಮತ್ತೆಯವರದ್ದೂ ಇದೇ ಹಟ. ನಾವು ಮಾಡಿದ್ದು ಹೇಳುತ್ತೇನೆ. ಒಟ್ಟು ಸಾವಿರದಷ್ಟು ಮೆಟ್ಟಿಲು, ಪಾದದ ಹತ್ತಿರದವು ಬಲು ಕಡಿದು. 700ರ ಆಸುಪಾಸಲ್ಲಿ ನಂದಿ ಸಿಗುತ್ತೆ, ಅಲ್ಲಿವರೆಗೂ ರಸ್ತೆ ಇದೆ. ಆಟೋದಲ್ಲಿ ನಂದಿ ಹತ್ತಿರ ಇಳಿಯಿರಿ. ದೊಡ್ಡದೇವರಾಜ ಒಡೆಯರ ಕಾಲದ್ದು, ಒಂದೇ ಬಂಡೆಯಲ್ಲಿ ಕಡೆದದ್ದು, 16 ಅಡಿ ಎತ್ತರ. ಕೊರಳ ಗಂಟೆಸರವನ್ನ ಹತ್ತಿರ ಹೋಗಿ ನೋಡಿ, ಒಂದೊಂದು ಗಂಟೆಯನ್ನೂ ಬಿಡದೆ ಕೆತ್ತಿದ್ದಾರೆ. ಅಲ್ಲಿಂದ ಮೇಲಕ್ಕೆ ಉಳಿಯೋದು 300 ಚಿಲ್ಲರೆ ಮೆಟ್ಟಿಲು. ಕೂತು ಕೂತು ಹತ್ತಬಹುದು. ಹರಕೆಯವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹೋಗುತ್ತಿರುತ್ತಾರೆ. ಅಮ್ಮನೂ ಒಂದಿಷ್ಟು ಹಚ್ಚಲಿ, ಸಮಾಧಾನವಾಗುತ್ತೆ. ದರ್ಶನ ಆದಮೇಲೆ ಮೇಲಿಂದಲೇ 201 ಹತ್ತಿ ಇಳಿದುಬಿಡಿ.

ಕೇಳಿದವರು: ಇದು ಅಮ್ಮನಿಗೂ ಒಪ್ಪಿಗೆಯಾಯಿತು ಅಕ್ಕಾ. ಆಟೋದವರು ನಂದಿವರೆಗೆ ಅಂದರೆ ಬರುತ್ತಾರಾ?

ಅಕ್ಕ: ಬರುತ್ತಾರೆ. ಆದರೆ ವಾಪಸ್ ಖಾಲಿ ಬರಬೇಕು ಅಂತ ಜಾಸ್ತಿ ಕೇಳುತ್ತಾರೆ. ಹತ್ತೋ ಮೊದಲೇ ಚೌಕಾಸಿ ಮಾಡಿಕೊಳ್ಳಿ.