ಉಬುಂಟು ಬೀಟಾ ಹಾಕೋಣ ಅಂತಿದ್ದೀನಿ, ಇರೋ ಲ್ಯಾಪ್‌ಟಾಪಿಗೇ ಹಾಕಬಹುದಾ?

ಪ್ರಶ್ನೆ:
ಮೇಡಂ ನಮಸ್ತೆ. ನನ್ನ ಹತ್ರ ಇರೋದು ಒಂದೇ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್. ಅರ್ಧ ವಿಂಡೋಸ್, ಅರ್ಧ ಉಬುಂಟು ಲಿನಕ್ಸ್‌ನ ಎಲ್‌ಟಿಎಸ್ (ವರ್ಷಗಟ್ಟಲೆ ಅಪ್‌ಡೇಟ್ ಸಿಗೋ ಸ್ಥಿರ ಆವೃತ್ತಿ). ಕಾಲೇಜ್ ಪ್ರಾಜೆಕ್ಟ್ ಎಲ್ಲಾ ಉಬುಂಟು ಕಡೆನೇ ಇದೆ. ಹೊಸ ಆವೃತ್ತಿಯ ಬೀಟಾ, ಅಂದ್ರೆ ಫೈನಲ್‌ಗೆ ಮುಂಚಿನ ಪರೀಕ್ಷಾ ರೂಪ ಬಂದಿದೆ, ನೋಡಬೇಕು ಅಂತ ಕೈ ತುರಿಸ್ತಿದೆ. ಒಬ್ಬರು "ಫೈನಲ್‌ಗೆ ಇನ್ನೇನು ಎರಡು ವಾರ, ಏನೂ ಆಗಲ್ಲ, ಅಪ್‌ಗ್ರೇಡ್ ಒತ್ತು" ಅಂತಾರೆ. ಇನ್ನೊಬ್ಬರು ಹತ್ರಾನೂ ಸುಳೀಬೇಡ ಅಂತಾರೆ. ನಾನು ಮಧ್ಯದ ದಾರಿ ಯೋಚಿಸಿದ್ದೀನಿ: ಇರೋ ಉಬುಂಟು ಮುಟ್ಟದೆ, ಪಕ್ಕದಲ್ಲಿ 30 ಜಿಬಿ ಜಾಗ ಮಾಡಿ ಬೀಟಾ ಹಾಕೋದು. ಹೋಮ್ ಪಾರ್ಟಿಶನ್ (ನನ್ನ ಫೈಲ್‌ಗಳಿರೋ ಡಿಸ್ಕ್ ಭಾಗ) ಬೇರೆನೇ ಇದೆಯಲ್ಲ, ಅದನ್ನೇ ಎರಡಕ್ಕೂ ಕೊಡೋದು. ಇದು ಸೇಫ್ ತಾನೇ? ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಆನ್ ಇದೆ, ಅದೇನಾದ್ರೂ ಅಡ್ಡ ಬರುತ್ತಾ?

ಉತ್ತರ:
ಬೀಟಾ ನೋಡಿ, ಧಾರಾಳವಾಗಿ ನೋಡಿ. ಆದರೆ ನೀವು ಸೇಫ್ ಅಂದುಕೊಂಡಿರುವ ಮಧ್ಯದ ದಾರಿ ಇದೆಯಲ್ಲ, ಅದಕ್ಕಿಂತ ನೇರವಾಗಿ ಅಪ್‌ಗ್ರೇಡ್ ಒತ್ತುವುದೇ ವಾಸಿ ಅನ್ನುತ್ತೇನೆ. ಅದನ್ನೂ ಮಾಡಬೇಡಿ, ಆ ಮಾತು ಬೇರೆ.

ಬೀಟಾ ಅಂದ ತಕ್ಷಣ ಎಲ್ಲರಿಗೂ ಇರುವ ಭಯ ಸಿಸ್ಟಂ ಹ್ಯಾಂಗ್ ಆಗುತ್ತದೆ, ಸ್ಕ್ರೀನ್ ಕಪ್ಪಾಗುತ್ತದೆ ಅನ್ನುವುದು. ಅದು ಕಣ್ಣಿಗೆ ಕಾಣುವ ತೊಂದರೆ. ರೀಸ್ಟಾರ್ಟ್ ಮಾಡಿ, ಹಳೆಯ ಕರ್ನಲ್ (ಸಿಸ್ಟಂನ ತಿರುಳು) ಆರಿಸಿಕೊಂಡು ಮುಂದೆ ಹೋಗಬಹುದು. ನನ್ನ ಚಿಂತೆ ವಾಪಸ್ ಬರಲಾಗದ ಬದಲಾವಣೆಗಳ ಬಗ್ಗೆ. ಹೋಮ್ ಫೋಲ್ಡರಿನಲ್ಲಿ ನಿಮ್ಮ ಫೋಟೋ, ಪ್ರಾಜೆಕ್ಟ್ ಮಾತ್ರ ಇರುವುದಿಲ್ಲ. ಪ್ರತಿಯೊಂದು ಪ್ರೋಗ್ರಾಮಿನ ಸೆಟ್ಟಿಂಗ್, ಡೇಟಾಬೇಸ್, ಕ್ಯಾಶ್ ಎಲ್ಲವೂ ಅಲ್ಲೇ ಚುಕ್ಕಿಯಿಂದ ಶುರುವಾಗುವ ಹೆಸರುಗಳಲ್ಲಿ ಅಡಗಿ ಕೂತಿರುತ್ತವೆ. ಹೊಸ ಆವೃತ್ತಿಯ ಪ್ರೋಗ್ರಾಂ ಮೊದಲ ಸಲ ತೆರೆದಾಗ ಆ ಡೇಟಾಬೇಸನ್ನು ಹೊಸ ನಮೂನೆಗೆ ಬದಲಾಯಿಸಿಬಿಡುತ್ತದೆ. ಮುಂದಕ್ಕೆ ಬದಲಾಯಿಸುವ ಕೋಡ್ ಬರೆದಿರುತ್ತಾರೆ, ಹಿಂದಕ್ಕೆ ಯಾರೂ ಬರೆಯುವುದಿಲ್ಲ. ಬೆಳಿಗ್ಗೆ ಬೀಟಾದಲ್ಲಿ ಫೈರ್‌ಫಾಕ್ಸ್ ತೆರೆದು, ಸಂಜೆ ಎಲ್‌ಟಿಎಸ್‌ಗೆ ಬಂದು ಅದೇ ಪ್ರೊಫೈಲನ್ನು ಹಳೆಯ ಫೈರ್‌ಫಾಕ್ಸಿನಲ್ಲಿ ತೆರೆಯಲು ಹೋದರೆ ಅದು ಒಪ್ಪುವುದಿಲ್ಲ, ಹೊಸ ಪ್ರೊಫೈಲ್ ಮಾಡಿಕೋ ಅನ್ನುತ್ತದೆ. 2019ರಲ್ಲಿ ಬಂದ 67ನೇ ಆವೃತ್ತಿಯಿಂದ ಈ ಕಾವಲು ಇದೆ. ಫೈರ್‌ಫಾಕ್ಸ್ ಮರ್ಯಾದೆಯಾಗಿ ಹೇಳಿಯಾದರೂ ಹೇಳುತ್ತದೆ. ಹೇಳದೆ ಕೇಳದೆ ಸೆಟ್ಟಿಂಗ್ ಕೆಡಿಸಿಕೊಂಡು, ಆಮೇಲೆ ಎಲ್‌ಟಿಎಸ್ ಕಡೆ ವಿಚಿತ್ರವಾಗಿ ನಡೆದುಕೊಳ್ಳುವ ಪ್ರೋಗ್ರಾಂಗಳೇ ಹೆಚ್ಚು. ಆಗ ತಪ್ಪು ಬೀಟಾದ್ದು ಅಂತಲೂ ನಿಮಗೆ ಹೊಳೆಯುವುದಿಲ್ಲ, ಯಾಕೆಂದರೆ ನೀವು ಕೂತಿರುವುದು ಎಲ್‌ಟಿಎಸ್‌ನಲ್ಲಿ.

ಎರಡನೆಯದು ಬೂಟ್‌ಲೋಡರ್, ಅಂದರೆ ಲ್ಯಾಪ್‌ಟಾಪ್ ಆನ್ ಆದಾಗ ಸಿಸ್ಟಂ ಶುರು ಮಾಡುವ ಪ್ರೋಗ್ರಾಂ. ಒಂದೇ ಡಿಸ್ಕಿನಲ್ಲಿ ಎರಡು ಉಬುಂಟು ಹಾಕಿದರೆ ಎರಡೂ ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಶನ್ನಿನ ಒಳಗೆ "ಉಬುಂಟು" ಅನ್ನುವ ಒಂದೇ ಫೋಲ್ಡರಿಗೆ ಬರೆಯುತ್ತವೆ. ಕೊನೆಗೆ ಬಂದದ್ದು ಮೊದಲಿನದರ ಮೇಲೆ ಕೂರುತ್ತದೆ. ಹಾಕಿದ ದಿನ ಏನೂ ಗೊತ್ತಾಗುವುದಿಲ್ಲ, ಮೆನುವಿನಲ್ಲಿ ಎರಡೂ ಕಾಣಬಹುದು. ಬೀಟಾ ಸಾಕು ಅಂತ ಆ 30 ಜಿಬಿ ಅಳಿಸುತ್ತೀರಲ್ಲ, ತಲೆನೋವು ಅವತ್ತು ಶುರು. ಇಎಫ್‌ಐನಲ್ಲಿರುವ ಪುಟ್ಟ ಫೈಲು "ಮುಂದಿನ ಸೂಚನೆ ಆ ಪಾರ್ಟಿಶನ್ನಿನಲ್ಲಿದೆ" ಅಂತ ಇಲ್ಲದ ಜಾಗವನ್ನು ತೋರಿಸುತ್ತದೆ. ನಿಮಗೆ ಸಿಗುವುದು ಕಪ್ಪು ಪರದೆ, ಮೇಲೆ ಗ್ರಬ್ ಅನ್ನುವ ಬೂಟ್‌ಲೋಡರಿನ ಪ್ರಾಂಪ್ಟ್. ಸರಿಪಡಿಸಬಹುದು, ಆದರೆ ಪ್ರಾಜೆಕ್ಟ್ ಸಬ್‌ಮಿಶನ್ ಹಿಂದಿನ ರಾತ್ರಿ ಕಲಿಯುವ ವಿದ್ಯೆ ಅದಲ್ಲ.

ಬಿಟ್‌ಲಾಕರ್ ವಿಷಯ ಚಿಕ್ಕದು, ಆದರೆ ಮರೆಯಬೇಡಿ. ಬೂಟ್ ಆಗುವ ಕ್ರಮ ಬದಲಾದರೆ ಟಿಪಿಎಂ ಚಿಪ್ ಕೀಲಿ ಕೊಡಲು ಒಪ್ಪದೆ, ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಏನೇ ಮಾಡುವ ಮುಂಚೆ ಆ ಕೀ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪಿನೊಳಗೆ ಸೇವ್ ಮಾಡಿಟ್ಟರೆ ಬೀಗದ ಕೈಯನ್ನು ಬೀರುವಿನೊಳಗಿಟ್ಟು ಬೀರು ಮುಚ್ಚಿದ ಹಾಗೆ.

ಇನ್ನು "ಎರಡೇ ವಾರ" ಅಂದವರಿಗೆ ಒಂದು ಮಾತು. ಉಬುಂಟು 24.04 ಫೈನಲ್ ಬಂದದ್ದು 2024ರ ಏಪ್ರಿಲ್ 25ಕ್ಕೆ. 22.04 ಎಲ್‌ಟಿಎಸ್ ಬಳಸುತ್ತಿದ್ದವರಿಗೆ ತಾನಾಗಿ ಅಪ್‌ಗ್ರೇಡ್ ತೋರಿಸಲು 24.04.1 ಬರುವ ತನಕ, ಅಂದರೆ ಆಗಸ್ಟ್ ಕೊನೆಯ ತನಕ ಕಾಯಿಸಿದರು. ಮಾಡಿದವರೇ ಫೈನಲ್ ಆದಮೇಲೂ ನಾಲ್ಕು ತಿಂಗಳು ತಡೆದು ಕೊಡುತ್ತಾರೆ. ಒಂದೇ ಲ್ಯಾಪ್‌ಟಾಪ್ ಇರುವವರಿಗೆ ಅದಕ್ಕೂ ಮುಂಚೆ ಏನು ಅವಸರ?

ಮೊದಲು ಪೆನ್‌ಡ್ರೈವಿನಿಂದ ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆ ಓಡಿಸಿ. ಇಷ್ಟವಾದರೆ ಹೊರಗಿನ ಎಸ್‌ಎಸ್‌ಡಿ ಒಂದಕ್ಕೆ ಹಾಕಿ. ಒಳಗಿನ ಡಿಸ್ಕ್ ಮುಟ್ಟಬೇಡಿ.

ಇನ್ನೊಬ್ಬ ಸದಸ್ಯರು:
ಇಷ್ಟೆಲ್ಲಾ ಯಾಕೆ ಮೇಡಂ, ವರ್ಚುವಲ್ ಮಷೀನ್‌ನಲ್ಲಿ ಹಾಕಿ ನೋಡಿದ್ರೆ ಆಗಲ್ವಾ?

ಉತ್ತರ:
ಏನು ನೋಡಬೇಕು ಅನ್ನುವುದರ ಮೇಲೆ ಹೋಗುತ್ತದೆ. ಹೊಸ ಡೆಸ್ಕ್‌ಟಾಪ್ ಹೇಗಿದೆ, ಇನ್‌ಸ್ಟಾಲರ್ ಏನು ಕೇಳುತ್ತದೆ, ನಿಮ್ಮ ಪ್ರೋಗ್ರಾಂ ಹೊಸ ಪೈಥಾನ್ ಆವೃತ್ತಿಯಲ್ಲಿ ಓಡುತ್ತದಾ ಅಂತ ನೋಡಲು ವರ್ಚುವಲ್ ಮಷೀನ್, ಅಂದರೆ ಇರುವ ಸಿಸ್ಟಂನೊಳಗೇ ಓಡುವ ನಕಲಿ ಕಂಪ್ಯೂಟರ್ ಸಾಕು. 8 ಜಿಬಿಯಲ್ಲಿ 4 ಅದಕ್ಕೆ ಕೊಟ್ಟು, ಬ್ರೌಸರ್ ಮುಚ್ಚಿಟ್ಟರೆ ತಕ್ಕಮಟ್ಟಿಗೆ ನಡೆಯುತ್ತದೆ. ಕೆಟ್ಟರೆ ಮೊದಲೇ ಉಳಿಸಿಟ್ಟ ಸ್ನ್ಯಾಪ್‌ಶಾಟ್‌ಗೆ ಹಿಂತಿರುಗಿದರಾಯಿತು.

ಆದರೆ ಅದಕ್ಕೆ ಸಿಗುವುದು ನಕಲಿ ಹಾರ್ಡ್‌ವೇರ್. ನಿಮ್ಮ ವೈಫೈ ಚಿಪ್, ಟಚ್‌ಪ್ಯಾಡ್, ಬ್ಯಾಟರಿ ಇವ್ಯಾವುದರ ಮುಖವನ್ನೂ ಅದು ನೋಡಿರುವುದಿಲ್ಲ. ಬೀಟಾದಲ್ಲಿ ಜನ ನಿಜವಾಗಿ ಎಡವುವುದು ಇಲ್ಲೇ, ಯಾಕೆಂದರೆ ಕರ್ನಲ್ ಹೊಸದು. ಅದಕ್ಕೇ ಲೈವ್ ಪೆನ್‌ಡ್ರೈವ್ ಅಂದದ್ದು. ವೈಫೈ ಸೇರಿಸಿ, ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಏನಾದರೂ ಕೇಳಿ, ಮೈಕ್ ಪರೀಕ್ಷಿಸಿ, ಬ್ರೈಟ್‌ನೆಸ್ ಕೀ ಒತ್ತಿ, ಎರಡನೇ ಮಾನಿಟರ್ ಇದ್ದರೆ ಚುಚ್ಚಿ. ಆಮೇಲೆ ಮುಚ್ಚಳ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆಯಿರಿ. ಈ ಮುಚ್ಚಿ ತೆರೆಯುವ ಪರೀಕ್ಷೆಯಲ್ಲಿ ಫೇಲಾಗುವಷ್ಟು ಲ್ಯಾಪ್‌ಟಾಪ್‌ಗಳು ಬೇರೆ ಯಾವುದರಲ್ಲೂ ಆಗುವುದಿಲ್ಲ.

ಎನ್ವಿಡಿಯಾ ಗ್ರಾಫಿಕ್ಸ್ ಚಿಪ್ ಇದ್ದವರಿಗೆ ಒಂದು ಎಚ್ಚರಿಕೆ. ಲೈವ್‌ನಲ್ಲಿ ಸಾಮಾನ್ಯವಾಗಿ ಓಡುವುದು ನೂವೋ ಅನ್ನುವ ಮುಕ್ತ ಡ್ರೈವರ್. ಅಲ್ಲಿ ಚೆನ್ನಾಗಿದ್ದರೆ ಕಂಪನಿಯ ಡ್ರೈವರಿನಲ್ಲೂ ಚೆನ್ನಾಗಿರುತ್ತದೆ ಅನ್ನುವಂತಿಲ್ಲ. ಆ ಡ್ರೈವರಿನ ಮಾಡ್ಯೂಲ್ ಕರ್ನಲ್ಲಿನ ಜೊತೆಗೇ ಬರುವಂಥದ್ದಲ್ಲ. ಕರ್ನಲ್ ಹೊಸದಾಗಿ, ಡ್ರೈವರ್ ಇನ್ನೂ ಅದಕ್ಕೆ ಹೊಂದದಿದ್ದರೆ ಮಾಡ್ಯೂಲ್ ಕಂಪೈಲ್ ಆಗುವುದೇ ಇಲ್ಲ.

ಮೂರನೇ ಸದಸ್ಯರು:
ಮೇಡಂ, ಈಗ ಬೀಟಾ ಹಾಕಿದ್ರೆ ಫೈನಲ್ ಬಂದಾಗ ಮತ್ತೆ ಮೊದಲಿಂದ ಹಾಕ್ಬೇಕಾ? ನಾನು ಬಳಸೋದು ಫೆಡೋರಾ ಲಿನಕ್ಸ್.

ಉತ್ತರ:
ಬೇಡ. ಉಬುಂಟುವಿನಲ್ಲಿ ದಿನದ ಅಪ್‌ಡೇಟ್ ತೆಗೆದುಕೊಳ್ಳುತ್ತಾ ಹೋದರೆ ಬೀಟಾವೇ ಫೈನಲ್ ಆಗಿರುತ್ತದೆ. ಫೆಡೋರಾದಲ್ಲಿ ಒಂದು ತಿರುವು ಇದೆ: ಬೀಟಾ ಹಂತದಲ್ಲಿ ಪರೀಕ್ಷಾ ಅಪ್‌ಡೇಟ್‌ಗಳ ರೆಪೊಸಿಟರಿ (ಪ್ಯಾಕೇಜ್‌ಗಳ ಭಂಡಾರ) ತಾನಾಗೇ ಆನ್ ಇರುತ್ತದೆ, ಫೈನಲ್ ಹತ್ತಿರ ಬಂದಾಗ ಆಫ್ ಆಗುತ್ತದೆ. ಅಷ್ಟರಲ್ಲಿ ನಿಮ್ಮಲ್ಲಿ ಫೈನಲ್‌ಗಿಂತ ಹೊಸ ಪ್ಯಾಕೇಜ್‌ಗಳು ಒಂದಷ್ಟು ಸೇರಿಕೊಂಡಿರಬಹುದು. ಫೆಡೋರಾದ ಪ್ಯಾಕೇಜ್ ಸಲಕರಣೆ ಡಿಎನ್‌ಎಫ್‌ನ ಡಿಸ್ಟ್ರೋ-ಸಿಂಕ್ ಒಮ್ಮೆ ಓಡಿಸಿದರೆ ಎಲ್ಲ ಸಾಲಿಗೆ ಬರುತ್ತವೆ.

ಡೆಬಿಯನ್ ಅನ್ನುವ ಲಿನಕ್ಸ್ ಬಳಸುವವರು ಇದ್ದರೆ ಕೇಳಿಸಿಕೊಳ್ಳಿ. ನೀವು ಟೆಸ್ಟಿಂಗ್ (ಮುಂದಿನ ಆವೃತ್ತಿ ತಯಾರಾಗುವ ಶಾಖೆ) ಬಳಸುವಾಗ, ಅಪ್‌ಡೇಟ್ ಎಲ್ಲಿಂದ ಬರಬೇಕು ಅಂತ ಹೇಳುವ ಸೋರ್ಸಸ್ ಫೈಲಿನಲ್ಲಿ "ಟೆಸ್ಟಿಂಗ್" ಅಂತ ಬರೆದಿದ್ದೀರೋ, ಆವೃತ್ತಿಯ ಹೆಸರು ಬರೆದಿದ್ದೀರೋ ನೋಡಿಕೊಳ್ಳಿ. 2025ರ ಆಗಸ್ಟ್ 9ಕ್ಕೆ ಡೆಬಿಯನ್ 13 ಬಂದಾಗ ಅದರ ಹೆಸರು "ಟ್ರಿಕ್ಸಿ" ಅಂತ ಬರೆದಿದ್ದವರು ಸ್ಥಿರ ಆವೃತ್ತಿಯಲ್ಲಿ ನಿಂತರು. "ಟೆಸ್ಟಿಂಗ್" ಅಂತ ಬರೆದಿದ್ದವರು ಮುಂದಿನ ಫೋರ್ಕಿಯ ಕಡೆ ನಡೆದುಬಿಟ್ಟರು, ಎಷ್ಟೋ ಜನ ಗೊತ್ತಿಲ್ಲದೇನೇ.

ಅಂದಹಾಗೆ ಬೀಟಾ ಅಂದರೆ ಎಲ್ಲ ಕಡೆ ಒಂದೇ ಅಳತೆಯಲ್ಲ. ಹೈಕು ಅಂತ ಒಂದು ಆಪರೇಟಿಂಗ್ ಸಿಸ್ಟಂ ಇದೆ, ಹಳೆಯ ಬೀಓಎಸ್ (BeOS) ಅನ್ನುವ ಸಿಸ್ಟಂನ ದಾರಿಯಲ್ಲಿ ಬಂದದ್ದು. ಮೊದಲ ಬೀಟಾ 2018ರಲ್ಲಿ, ಐದನೆಯದು 2024ರಲ್ಲಿ. ಅಲ್ಲಿ ಬೀಟಾವೇ ಮನೆ. ಉಬುಂಟುವಿನಲ್ಲಿ ಬೀಟಾ ಇರುವುದು ಕೆಲವೇ ವಾರ.

ಮತ್ತೊಬ್ಬರು:
ಸೆಕ್ಯುರಿಟಿ ಬಗ್ಗೆ ಯಾರೂ ಕೇಳ್ತಿಲ್ಲ. ಎಕ್ಸ್‌ಜಡ್ ಪ್ರಕರಣ ಆದ್ಮೇಲೂ ಬೀಟಾ ಹಾಕಿ ಅಂತೀರಾ ಮೇಡಂ?

ಉತ್ತರ:
ಒಳ್ಳೆ ಪ್ರಶ್ನೆ. ಗೊತ್ತಿಲ್ಲದವರಿಗೆ: ಎಕ್ಸ್‌ಜಡ್ ಅನ್ನುವುದು ಫೈಲ್ ಕುಗ್ಗಿಸುವ ಸಲಕರಣೆ. ಅದರ 5.6.0 ಮತ್ತು 5.6.1 ಆವೃತ್ತಿಗಳೊಳಗೆ, ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ದಾರಿ) ಮೂಲಕ ನುಗ್ಗಲು ಒಂದು ಕಳ್ಳಬಾಗಿಲು ಇಟ್ಟಿದ್ದರು. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್, ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ತೆಗೆದುಕೊಳ್ಳುತ್ತಿದೆಯಲ್ಲ ಅಂತ ಬೆನ್ನು ಹತ್ತಿ, 2024ರ ಮಾರ್ಚ್ 29ಕ್ಕೆ ಅದನ್ನು ಬಯಲು ಮಾಡಿದರು. ಆ ಆವೃತ್ತಿಗಳು ಹೊಕ್ಕಿದ್ದದ್ದು ಡೆಬಿಯನ್ ಟೆಸ್ಟಿಂಗ್, ಫೆಡೋರಾ ರಾಹೈಡ್‌ನಂಥ ಮುಂಚೂಣಿ ಶಾಖೆಗಳಿಗೆ. ಸ್ಥಿರ ಆವೃತ್ತಿಯಲ್ಲಿದ್ದವರು ಬಹುಮಟ್ಟಿಗೆ ಬಚಾವಾದರು. ಉಬುಂಟು 24.04ರ ಬೀಟಾ ಏಪ್ರಿಲ್ 4ಕ್ಕೆ ಬರಬೇಕಿದ್ದದ್ದು, ಪ್ಯಾಕೇಜ್‌ಗಳನ್ನೆಲ್ಲ ಮತ್ತೆ ಕಟ್ಟಿ 11ಕ್ಕೆ ಬಂತು.

ಹಾಗಾಗಿ ನೀವು ಹೇಳುವುದು ಸರಿ, ಇಂಥ ಪೆಟ್ಟು ಮೊದಲು ಬೀಳುವುದು ಮುಂದೆ ನಿಂತವರ ಮೇಲೆ. ಆದರೆ ಫ್ರಾಯಿಂಡ್ ಅವರಿಗೆ ಅದು ಸಿಕ್ಕಿದ್ದೂ ಡೆಬಿಯನ್ನಿನ ಅಸ್ಥಿರ ಶಾಖೆ ಸಿಡ್ ಓಡಿಸುತ್ತಿದ್ದದ್ದರಿಂದಲೇ. ಎಲ್ಲರೂ ಸ್ಥಿರದಲ್ಲೇ ಕೂತಿದ್ದರೆ ಅದು ಸ್ಥಿರಕ್ಕೂ ಇಳಿಯುತ್ತಿತ್ತು. ನನ್ನ ನಿಯಮ ಇಷ್ಟೇ: ಬೀಟಾ ಯಂತ್ರದಲ್ಲಿ ಬ್ಯಾಂಕ್ ತೆರೆಯುವುದಿಲ್ಲ, ಆಫೀಸಿನ ಎಸ್‌ಎಸ್‌ಎಚ್ ಕೀ ಇಡುವುದಿಲ್ಲ, ಬ್ರೌಸರಿನಲ್ಲಿ ಪಾಸ್‌ವರ್ಡ್ ಸಿಂಕ್ ಆನ್ ಮಾಡುವುದಿಲ್ಲ.

ಅದೇ ಸದಸ್ಯರು:
ಅಂದ್ರೆ ನಮ್ಮನ್ನ ಪ್ರಯೋಗದ ಇಲಿ ಮಾಡ್ಕೊಳ್ತಾರೆ ಅಂತಾಯ್ತು.

ಉತ್ತರ:
ಇಲಿಗೆ ಬಗ್ ರಿಪೋರ್ಟ್ ಬರೆಯಲು ಬರುವುದಿಲ್ಲ. ನಿಮಗೆ ಬರುತ್ತದೆ.

ಮೂಲ ಪ್ರಶ್ನೆ ಕೇಳಿದವರು:
ಮೇಡಂ ಆ ರಿಪೋರ್ಟ್ ಹೇಗೆ ಬರೆಯೋದು ಅಂತಾನೂ ಹೇಳಿ. ಹೋದ ಸಲ ಒಂದು ಹಾಕಿದ್ದೆ, ಯಾರೂ ತಿರುಗಿ ನೋಡಲಿಲ್ಲ.

ಉತ್ತರ:
"ವೈಫೈ ಬರ್ತಿಲ್ಲ, ಬೇಗ ಸರಿಮಾಡಿ" ಅಂತ ಬರೆದರೆ ಯಾರೂ ನೋಡುವುದಿಲ್ಲ, ನೋಡಿದರೂ ಏನೂ ಮಾಡಲಾಗುವುದಿಲ್ಲ. ಹೀಗೆ ಬರೆಯಿರಿ: "ಮುಚ್ಚಳ ಮುಚ್ಚಿ ತೆರೆದ ಮೇಲೆ ವೈಫೈ ಐಕಾನ್ ಮಾಯವಾಗುತ್ತದೆ. ಪ್ರತಿ ಸಲವೂ ಆಗುತ್ತದೆ. ನೆಟ್‌ವರ್ಕ್ ಮ್ಯಾನೇಜರ್ ರೀಸ್ಟಾರ್ಟ್ ಮಾಡಿದರೂ ಬರುವುದಿಲ್ಲ, ಪೂರ್ತಿ ರೀಬೂಟ್ ಮಾಡಿದರೆ ಬರುತ್ತದೆ. ಹಿಂದಿನ ಆವೃತ್ತಿಯ ಕರ್ನಲ್‌ನಲ್ಲಿ ಈ ತೊಂದರೆ ಇಲ್ಲ." ಜೊತೆಗೆ ಚಿಪ್ಪಿನ ಹೆಸರು, ಕರ್ನಲ್ ಆವೃತ್ತಿ. ಆ ಕೊನೆಯ ಸಾಲಿಗೆ ಚಿನ್ನದ ಬೆಲೆ: ಎಲ್ಲಿ ಸರಿಯಿತ್ತು, ಎಲ್ಲಿಂದ ಕೆಟ್ಟಿತು ಅಂತ ಗೊತ್ತಾದರೆ ಹುಡುಕುವವರ ಅರ್ಧ ಕೆಲಸ ಮುಗಿದಂತೆ.

ಸಿಸ್ಟಂ ಸ್ತಬ್ಧವಾಗಿ ರೀಬೂಟ್ ಮಾಡಬೇಕಾಗಿ ಬಂದಿದ್ದರೆ, ಈಗಿನ ಲಾಗ್ ಹಾಕಿ ಪ್ರಯೋಜನವಿಲ್ಲ. ಜರ್ನಲ್‌ಸಿಟಿಎಲ್ ಆಜ್ಞೆಗೆ ಮೈನಸ್ ಬಿ, ಮೈನಸ್ 1 ಕೊಟ್ಟರೆ ಹಿಂದಿನ ಬೂಟ್‌ನ ಲಾಗ್ ಸಿಗುತ್ತದೆ. ಅದರ ಕೊನೆಯ ಸಾಲುಗಳು ಬೇಕು. ಹಾಕುವ ಮುಂಚೆ ಒಮ್ಮೆ ಓದಿ, ಅದರಲ್ಲಿ ನಿಮ್ಮ ವೈಫೈ ಹೆಸರು, ಯೂಸರ್ ಹೆಸರು ಇರುತ್ತವೆ. ಅದೇ ದೋಷವನ್ನು ಬೇರೆಯವರು ಆಗಲೇ ಹಾಕಿದ್ದರೆ ಹೊಸದು ತೆರೆಯಬೇಡಿ. ಉಬುಂಟುವಿನ ಬಗ್ ದಾಖಲಿಸುವ ತಾಣ ಲಾಂಚ್‌ಪ್ಯಾಡ್‌ನಲ್ಲಿ "ನನಗೂ ಆಗಿದೆ" ಅಂತ ಗುರುತು ಹಾಕುವ ಸೌಲಭ್ಯ ಇದೆ, ಅಲ್ಲಿ ಒತ್ತಿ.

ರಿಪೋರ್ಟನ್ನು ಬೀಟಾ ಬಂದ ಮೊದಲ ದಿನಗಳಲ್ಲೇ ಹಾಕಿ. ಹೊಸ ಸೌಲಭ್ಯ ಸೇರಿಸುವ ಬಾಗಿಲು ಬೀಟಾಕ್ಕೂ ಮುಂಚೆಯೇ ಮುಚ್ಚಿರುತ್ತದೆ, ಆದ್ದರಿಂದ "ಇದೂ ಇದ್ದಿದ್ದರೆ" ಅನ್ನುವುದನ್ನು ಈಗ ಕೇಳಿ ಫಲವಿಲ್ಲ. ಕೊನೆಯ ದಿನಗಳಲ್ಲಿ ತೀರಾ ಗಂಭೀರವಾದದ್ದನ್ನು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಹಾಗೇ ಕನ್ನಡ ಟೈಪಿಂಗ್, ಒತ್ತಕ್ಷರ, ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡ ಇವನ್ನೂ ಒಮ್ಮೆ ನೋಡಿ. ಒತ್ತು ಪಕ್ಕಕ್ಕೆ ಸರಿದು ಕೂತಿದ್ದರೆ ಲಿಪಿ ಓದಲು ಬಾರದ ಡೆವಲಪರ್‌ಗೆ ಅದು ತಪ್ಪು ಅಂತಲೇ ಕಾಣುವುದಿಲ್ಲ. ತಪ್ಪಾದದ್ದರ ಸ್ಕ್ರೀನ್‌ಶಾಟ್, ಪಕ್ಕದಲ್ಲೇ ಸರಿಯಾದದ್ದರ ಸ್ಕ್ರೀನ್‌ಶಾಟ್ ಎರಡೂ ಕೊಡಿ.

ಮೂಲ ಪ್ರಶ್ನೆ ಕೇಳಿದವರು:
ಆಯ್ತು ಮೇಡಂ, ಹೋಮ್ ಹಂಚೋ ಪ್ಲಾನ್ ಬಿಟ್ಟೆ. ಹಳೇ 240 ಜಿಬಿ ಎಸ್‌ಎಸ್‌ಡಿ ಇದೆ, ಯುಎಸ್‌ಬಿ ಕೇಸಿಗೆ ಹಾಕ್ಕೊಂಡಿದ್ದೀನಿ. ಪೂರ್ತಿ ಅದಕ್ಕೇ ಬೀಟಾ ಬಿಡಲಾ?

ಉತ್ತರ:
ಬಿಡಿ. ಎರಡು ಜಾಗದಲ್ಲಿ ಮಾತ್ರ ನಿಧಾನಿಸಿ. ಇಳಿಸಿಕೊಂಡ ಐಎಸ್‌ಓ ಫೈಲಿನ (ಇನ್‌ಸ್ಟಾಲ್ ಮಾಡುವ ಫೈಲ್) ಎಸ್‌ಎಚ್‌ಎ 256 ಮೊತ್ತವನ್ನು, ಅಂದರೆ ಫೈಲ್ ಸರಿಯಿದೆಯಾ ಅಂತ ತೋರಿಸುವ ಗುರುತನ್ನು, ಅಧಿಕೃತ ಪುಟದಲ್ಲಿರುವುದರ ಜೊತೆ ಹೋಲಿಸಿ. ಅರ್ಧಂಬರ್ಧ ಇಳಿದ ಫೈಲಿನಿಂದ ಆದ ಎಡವಟ್ಟುಗಳು ಬೀಟಾದ ಬಗ್ ಅಂತ ದಾಖಲಾಗುವುದನ್ನು ದಿನಾ ನೋಡುತ್ತೇನೆ. ಎರಡನೆಯದು ಇನ್‌ಸ್ಟಾಲರ್. ಹೊರಗಿನ ಡಿಸ್ಕ್ ಆರಿಸಿದರೂ ಬೂಟ್‌ಲೋಡರನ್ನು ಮಾತ್ರ ಒಳಗಿನ ಡಿಸ್ಕಿನ ಇಎಫ್‌ಐಗೇ ಬರೆಯುವ ಕೆಟ್ಟ ಚಾಳಿ ಉಬುಂಟುವಿನ ಹಳೆಯ ಇನ್‌ಸ್ಟಾಲರ್‌ಗೆ ಇತ್ತು. ಹೊಸದನ್ನೂ ನಾನು ನಂಬುವುದಿಲ್ಲ. ನಿಮ್ಮ ಬಯಾಸ್‌ನಲ್ಲಿ (ವಿಂಡೋಸ್, ಉಬುಂಟು ಶುರುವಾಗುವ ಮುಂಚಿನ ಸೆಟ್ಟಿಂಗ್ ಪುಟ) ಒಳಗಿನ ಡಿಸ್ಕ್ ಆಫ್ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿ ಹಾಕಿ, ಮುಗಿದ ಮೇಲೆ ಆನ್ ಮಾಡಿ. ಆಯ್ಕೆ ಇಲ್ಲದಿದ್ದರೆ ಬಯಾಸ್‌ನ ಪುಟದ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಬಿಟ್‌ಲಾಕರ್ ಕೀ ಬರೆದುಕೊಂಡಿರಾ?