ಬೆರಳಿಟ್ಟು ತೋರಿಸುವ ನೋವಿದ್ದರೆ ಓಡಬೇಡ

ಸುಮಾ, ರಾತ್ರಿ ನೀನು ನಮ್ಮ ಮನೆಯವರ ಗ್ರೂಪಿನಲ್ಲಿ ಹಾಕಿದ ಮೆಸೇಜು ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮಧ್ಯಾಹ್ನ ಆಗುತ್ತದೆ, ಮಾತಾಡಿಬಿಡುತ್ತೇನೆ. ಉದ್ದ ಆದರೂ ಪೂರ್ತಿ ಕೇಳು.

ಪುಟ್ಟಿಗೆ ಎಡಗಾಲಿನಲ್ಲಿ ಮಂಡಿ ಕೆಳಗೆ, ಒಳಮಗ್ಗುಲಲ್ಲಿ ನೋವು. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಮುಂಬೈ ಮ್ಯಾರಥಾನ್‌ಗೆ ಇನ್ನು ಆರು ವಾರ. ಮಾತ್ರೆ ತಗೊಂಡು ಓಡ್ತೀನಿ ಅಂತಾಳೆ, ಬಿಡಲಾ ಬೇಡವಾ ಅಂತ ಕೇಳಿದ್ದೀಯ. ಬಿಡಬೇಡ. ಅದರ ಕೆಳಗೆ ಗಿರೀಶ, ಎಕ್ಸ್‌ರೇ ಚೆನ್ನಾಗಿದೆ ಅಂದ ಮೇಲೆ ಭಯ ಯಾಕೆ ಅಂತ ಹಾಕಿದ್ದಾನೆ. ಅದಕ್ಕೆ ಎಲ್ಲರೂ ಹೆಬ್ಬೆರಳು ಎತ್ತಿದ್ದೀರಿ. ಅದನ್ನು ನೋಡಿ ನನ್ನ ಎದೆ ಧಸಕ್ ಅಂತು. ನನ್ನ ಕಾಲಿಗೆ ಏನಾಯಿತು ಅಂತ ದೊಡ್ಡವರಿಗೆಲ್ಲ ಗೊತ್ತು. ಮಕ್ಕಳಿಗೆ ಯಾರೂ ಹೇಳೇ ಇಲ್ಲ ಅನ್ನಿಸುತ್ತದೆ.

ನಾನು ಹಾಸ್ಟೆಲಿನಲ್ಲಿದ್ದಾಗ 3000 ಮೀಟರ್ ಓಡುತ್ತಿದ್ದೆ. ಅಪ್ಪಯ್ಯ ಒಲ್ಲದ ಮನಸ್ಸಿನಿಂದ ಕಳಿಸಿದ್ದರು, ಅದು ನಿಮಗೆ ಗೊತ್ತಿದ್ದದ್ದೇ. ಅಂತರ ವಿಶ್ವವಿದ್ಯಾಲಯ ಕೂಟ ಹತ್ತಿರ ಬಂದಿತ್ತು. ಕೋಚ್ ಒಂದೇ ಸಲ ಓಟ ಜಾಸ್ತಿ ಮಾಡಿಸಿದರು, ಬೆಳಿಗ್ಗೆ ಡಾಂಬರು ರಸ್ತೆ, ಸಂಜೆ ಕಲ್ಲಿದ್ದಲ ಬೂದಿ ಹಾಸಿದ ಸಿಂಡರ್ ಟ್ರ್ಯಾಕ್. ಮೊದಲು ಓಡಿ ಮುಗಿಸಿದ ಮೇಲೆ ನೋಯುತ್ತಿತ್ತು. ಆಮೇಲೆ ಓಡುವಾಗಲೇ ಶುರುವಾಯಿತು. ಕೊನೆಗೆ ರಾತ್ರಿ ಮಲಗಿದರೂ ಒಳಗೆ ಮಿಡಿಯುತ್ತಿತ್ತು. ಕಣಕಾಲಿನ ಮೂಳೆಯ ಮೇಲೆ ಬೆರಳು ಸವರಿಕೊಂಡು ಬಂದರೆ ಒಂದು ಜಾಗದಲ್ಲಿ ಮಾತ್ರ ಹುಣಸೆಬೀಜದಷ್ಟು ಉಬ್ಬು ಸಿಗುತ್ತಿತ್ತು. ಅದನ್ನು ಒತ್ತಿದರೆ ಕಣ್ಣಲ್ಲಿ ನೀರು. ಅದರ ಮೇಲೆ ಎರಡು ಬೆರಳು, ಕೆಳಗೆ ಎರಡು ಬೆರಳು ಜಾಗ ಬಿಟ್ಟರೆ ಏನೂ ನೋವಿಲ್ಲ.

ನಾನು ಹೇಳಿದೆ ಸುಮಾ, ಬಾಯಿಬಿಟ್ಟು ಹೇಳಿದೆ. ಎಕ್ಸ್‌ರೇ ತೆಗೆಸಿದರು. ಬೆಳಕಿಗೆ ಹಿಡಿದು ನೋಡಿ, ಮೂಳೆ ಕಲ್ಲಿದ್ದ ಹಾಗಿದೆ, ಹುಡುಗಿ ಹೆದರಿದ್ದಾಳೆ ಅಷ್ಟೇ ಅಂದರು. ಕೋಚ್ ಕ್ರೇಪ್ ಬ್ಯಾಂಡೇಜ್ ಬಿಗಿದು, ಮಾತ್ರೆ ಕೈಗೆ ಕೊಟ್ಟು ಲೈನಿಗೆ ಕಳಿಸಿದರು. ಮಾತ್ರೆಗೆ ನೋವು ಕಡಿಮೆಯಾಯಿತು, ಅದೇ ತಪ್ಪಾಗಿದ್ದು. ಹುಷಾರಾಗಿ ಕಾಲಿಡು ಅಂತ ಹೇಳುವ ನೋವೇ ಇರಲಿಲ್ಲ. ಕೊನೆಯ ಸುತ್ತಿನ ತಿರುವಿನಲ್ಲಿ ಪಟ್ ಅಂತ ಸದ್ದು ಕೇಳಿತು, ನನ್ನ ಕಾಲಿಂದ ಅಂತ ಗೊತ್ತಾಗುವಷ್ಟರಲ್ಲಿ ಕೆಳಗಿದ್ದೆ. ಅಂಗೈಗೆಲ್ಲ ಲೇನಿನ ಸುಣ್ಣ ಮೆತ್ತಿಕೊಂಡಿತ್ತು. ಪಕ್ಕದಲ್ಲಿ ಹುಡುಗಿಯರು ಓಡಿ ಹೋಗುತ್ತಲೇ ಇದ್ದರು. ಆಮೇಲೆ ತೊಡೆವರೆಗೆ ಪ್ಲಾಸ್ಟರು, ಪರೀಕ್ಷೆ ಹೋಯಿತು, ಓಟ ಹೋಯಿತು. ಮಳೆಗಾಲದಲ್ಲಿ ಈಗಲೂ ಮೆಟ್ಟಿಲು ಇಳಿಯುವಾಗ ಆ ಕಾಲು ಎಳೆಯುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ ಪುಟ್ಟಿ. ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವ ಹಾಗೆ ಮೂಳೆ ನೋಯುತ್ತಿದ್ದರೆ ಓಡಬೇಡ. ಎಕ್ಸ್‌ರೇ ಏನೇ ಹೇಳಲಿ.

ಗಿರೀಶ, ನಿನಗೂ ಹೇಳುತ್ತೇನೆ. ಮೂಳೆಗೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಹಳ ಸಲ ಕಾಣುವುದೇ ಇಲ್ಲ. ಮೂಳೆ ಕೂಡಿಕೊಳ್ಳುವುದಕ್ಕೆ ಶುರುವಾದ ಮೇಲೆ ಕಾಣುತ್ತದೆ. ಇದಕ್ಕೆ ಸ್ಟ್ರೆಸ್ ಫ್ರ್ಯಾಕ್ಚರ್ ಅಂತಾರೆ. ಓಡಿದಾಗ ಮೂಳೆ ಹಳೆಯದನ್ನು ಕರಗಿಸಿ ಹೊಸದು ಕಟ್ಟಿಕೊಳ್ಳುತ್ತದೆ. ಕರಗುವುದು ಬೇಗ, ಕಟ್ಟುವುದು ನಿಧಾನ. ಆ ನಡುವೆ ಬಿಡುವು ಕೊಡದೆ ಬಡಿದರೆ ಬಿರುಕು ಬೆಳೆಯುತ್ತದೆ. ಪುಟ್ಟಿ ಅಕ್ಟೋಬರ್ ತನಕ ವಾರಕ್ಕೆ 20 ಕಿಲೋಮೀಟರ್ ಓಡುತ್ತಿದ್ದಳು. ನವೆಂಬರಿನಲ್ಲಿ 50 ಅಂತ ಸ್ಟೇಟಸ್ ಹಾಕಿದ್ದಳು, ನಾನು ನೋಡಿದ್ದೇನೆ. ಮೂಳೆಗೆ ಟೈಮ್ ಎಲ್ಲಿ ಸಿಕ್ಕಿತು?

ಬೆಳಿಗ್ಗೆ ಪುಟ್ಟಿ ನನಗೊಂದು ವಿಡಿಯೋ ಕಳಿಸಿದಳು, ಜೋನ್ ಬೆನೋಯ್ಟ್‌ದು. 1984ರಲ್ಲಿ ಮಂಡಿ ಆಪರೇಷನ್ ಆಗಿ 17 ದಿನಕ್ಕೆ ಅಮೆರಿಕದ ಒಲಿಂಪಿಕ್ ಆಯ್ಕೆ ಓಟ ಗೆದ್ದಳು, ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಹೆಂಗಸರ ಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದಳು. ನಿಜ ಕಂದಾ, ಆ ಸುದ್ದಿ ಬಂದಾಗ ನಾನೂ ಕುಣಿದಿದ್ದೆ. ಆದರೆ ಅವಳ ಮಂಡಿಯೊಳಗೆ ಅಡ್ಡ ಸಿಕ್ಕುತ್ತಿದ್ದ ಪೊರೆಯನ್ನು ಸಣ್ಣ ತೂತಿನಿಂದ ತೆಗೆದಿದ್ದರು. ಮೂಳೆ ಗಟ್ಟಿಯಾಗೇ ಇತ್ತು. ಮಾತ್ರೆ ವಿಷಯಕ್ಕೆ ಇನ್ನೊಬ್ಬಳನ್ನು ನೋಡು. ಪೌಲಾ ರ‍್ಯಾಡ್‌ಕ್ಲಿಫ್, ಬ್ರಿಟನ್ನಿನ ಓಟಗಾರ್ತಿ, ಹೆಂಗಸರ ಮ್ಯಾರಥಾನಿನ ಆಗಿನ ವಿಶ್ವದಾಖಲೆ ಅವಳದ್ದೇ. 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಮುಂಚೆ ಕಾಲು ನೋವಿಗೆ ಮಾತ್ರೆ ತಗೊಂಡು ಹೊಟ್ಟೆ ಕೆಟ್ಟು, 36 ಕಿಲೋಮೀಟರ್ ಹತ್ತಿರ ನಿಂತು ರಸ್ತೆ ಪಕ್ಕ ಅತ್ತಳು. ಇನ್ನು ಮೈಯಲ್ಲಿ ನೀರು ಕಡಿಮೆಯಾಗಿರುವಾಗ ಆ ಮಾತ್ರೆಗಳು ಕಿಡ್ನಿಗೂ ಒಳ್ಳೆಯದಲ್ಲ. 42 ಕಿಲೋಮೀಟರ್‌ನಲ್ಲಿ ಬೆವರು ಎಷ್ಟು ಹೋಗುತ್ತದೆ, ನೀನೇ ಯೋಚಿಸು.

ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಬೆರಳಿಟ್ಟು ತೋರಿಸುವ ನೋವಿದ್ದರೆ ಓಡಬೇಡ, ಮಾತ್ರೆ ನುಂಗಿಯಂತೂ ಓಡಲೇಬೇಡ.

ನನ್ನ ಕಾಲು ಮುರಿದದ್ದಕ್ಕಿಂತ ಆಮೇಲೆ ಆದದ್ದು ಹೆಚ್ಚು ನೋವು. ಕಾಲೇಜಿನವರು ಒಬ್ಬರೂ ನೋಡುವುದಕ್ಕೆ ಬರಲಿಲ್ಲ. ಓಟ ಮುಗಿಸಿಲ್ಲ ಅಂತ ಬ್ಲೇಜರ್ ವಾಪಸ್ ಕೊಡಿ ಅಂತ ಕಾಗದ ಬಂತು. ಅಮ್ಮ ಅದನ್ನು ಇಸ್ತ್ರಿ ಮಾಡಿಸಿ ಕಳಿಸಿದಳು. ಅದೂ ಹೋಗಲಿ. ತಿಪಟೂರಿನವರು ಹೆಣ್ಣು ನೋಡಲು ಬಂದಾಗ ಕಾಫಿ ಕೊಟ್ಟು ಕೂತವಳನ್ನು ಎಬ್ಬಿಸಿ, ನಡುಮನೆಯಿಂದ ಅಡುಗೆಮನೆವರೆಗೆ ನಡೆದು ತೋರಿಸಮ್ಮ ಅಂದರು. ನಡೆದೆ. ಮತ್ತೆ ಒಂದು ಸಲ ಅಂದರು. ಕಾಲಿನ ವಿಷಯ ಅವರಿಗೆ ಮುಂಚೆಯೇ ಯಾರು ಮುಟ್ಟಿಸಿದರು ಅಂತ ಈ ಗ್ರೂಪಿನಲ್ಲಿ ಇಬ್ಬರಿಗೆ ಗೊತ್ತು. ಇಷ್ಟು ವರ್ಷ ಆದರೂ ಒಂದು ಮಾತು ಕೇಳಿಲ್ಲ ನೀವು. ಅಪ್ಪಯ್ಯನೂ, ಓಡು ಅಂತ ಯಾರು ಹೇಳಿದರು ನಿನಗೆ ಅಂದರೇ ಹೊರತು, ಹುಡುಗಿ ನೋವು ಅಂದಾಗ ಯಾಕೆ ಓಡಿಸಿದಿರಿ ಅಂತ ಆ ಕೋಚನ್ನು ಕೇಳಲಿಲ್ಲ. ಓಟದಲ್ಲಿ ಗೆದ್ದು ಅಟ್ಟದ ಮೇಲಿಟ್ಟಿದ್ದ ನನ್ನ ಕಪ್ಪುಗಳನ್ನು ಮನೆ ಬಣ್ಣ ಹೊಡೆಸುವಾಗ ತೂಕಕ್ಕೆ ಹಾಕಿದರು. ಅದನ್ನೂ ನನ್ನನ್ನು ಕೇಳಲಿಲ್ಲ. ಇವತ್ತು ಪುಟ್ಟಿ ಓಡಿದರೆ ಎಲ್ಲರೂ ಫೋಟೋ ಹಾಕುತ್ತೀರಿ, ನನಗೆ ತುಂಬಾ ಸಂತೋಷ. ಅವಳು ನೋವು ಅಂದಾಗಲೂ ಅಷ್ಟೇ ಜೋರಾಗಿ ಜೊತೆಗೆ ನಿಲ್ಲಿ.

ಎಲ್ಲೋ ಹೋಯಿತು ಮಾತು. ಏನು ಮಾಡಬೇಕು ಅನ್ನುವುದನ್ನೇ ಹೇಳಲಿಲ್ಲ ಅಲ್ವಾ. ಸುಮಾ, ಮೊದಲು ಎಂಆರ್‌ಐ. ನಮ್ಮ ಕಾಲದಲ್ಲಿ ಇರಲಿಲ್ಲ, ಈಗ ಇದೆ, ಬಿರುಕಿದ್ದರೆ ಅದರಲ್ಲಿ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಓಡುವವರನ್ನು ನೋಡುವ ಮೂಳೆ ಡಾಕ್ಟರ ಹತ್ತಿರ ಹೋಗಿ. ಒಂದು ಕಾಲಲ್ಲಿ ಕುಪ್ಪಳಿಸಿ ನೋಡು ಅಂತ ಮನೆಯಲ್ಲಿ ಯಾರೂ ಹೇಳಬೇಡಿ, ಅದು ಡಾಕ್ಟರ ಕೆಲಸ. ಮೂಳೆಯುದ್ದಕ್ಕೂ ಹರಡಿದ ನೋವು, ಓಡುತ್ತಾ ಓಡುತ್ತಾ ಕಡಿಮೆಯಾಗುವ ನೋವು ಆದರೆ ಅದು ಬರೀ ಶಿನ್ ಸ್ಪ್ಲಿಂಟ್ಸ್, ಅಂದರೆ ಬಿರುಕಿಲ್ಲದ ಕಣಕಾಲು ನೋವು ಇರಬಹುದು, ಓಟ ತಗ್ಗಿಸಿದರೆ ಹೋಗುತ್ತದೆ. ಒಳಮಗ್ಗುಲಿನ ಬಿರುಕಾದರೆ ಸಾಮಾನ್ಯವಾಗಿ 6ರಿಂದ 8 ವಾರ. ಮೂಳೆಯ ಮುಂದಿನ ಏಣಿನಲ್ಲಿ ಬಂದಿದ್ದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ಆಪರೇಷನ್ ಮಾಡಿ ಮೂಳೆಯೊಳಗೆ ರಾಡ್ ಕೂಡ ಹಾಕುತ್ತಾರೆ. ಹೇಗೆ ನೋಡಿದರೂ ಈ ಜನವರಿಯ ಓಟ ಆಗುವುದಿಲ್ಲ ಪುಟ್ಟಿ. ಮುಂಬೈಯಲ್ಲಿ ವಾಪಸ್ ಬರುವಾಗ ಪೆಡ್ಡರ್ ರೋಡ್ ಏರು ಬೇರೆ ಇದೆ. ಸಾಮಾನ್ಯವಾಗಿ ಪ್ರತಿ ವರ್ಷ ಜನವರಿಯ ಮೂರನೇ ಭಾನುವಾರ ಆ ಓಟ ಇರುತ್ತದೆ, ಮುಂದಿನ ಸಲ ನಾನೇ ಬರುತ್ತೇನೆ ನೋಡುವುದಕ್ಕೆ.

ಸುಮ್ನೆ ಕೂರಬೇಕಾಗಿಲ್ಲ. ಡಾಕ್ಟರು ಒಪ್ಪಿದರೆ ಈಜುಕೊಳದ ಆಳದ ಕಡೆ ಬೆಲ್ಟ್ ಕಟ್ಟಿಕೊಂಡು ನೀರಲ್ಲೇ ಓಡಬಹುದು, ಕಾಲು ನೆಲಕ್ಕೆ ತಾಗುವುದಿಲ್ಲ, ದಮ್ಮು ಉಳಿಯುತ್ತದೆ. ನಡೆದರೆ ಒಂಚೂರೂ ನೋವಿಲ್ಲ ಅಂತಾದ ಮೇಲೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಅದೂ ದಿನ ಬಿಟ್ಟು ದಿನ. ವಿಟಮಿನ್ ಡಿ ಟೆಸ್ಟ್ ಮಾಡಿಸಿ. ತೂಕ ಇಳಿಸಬೇಕು ಅಂತ ಊಟ ಬಿಟ್ಟಿದ್ದಾಳಾ ನೋಡು. ಮುಟ್ಟು ಸರಿಯಾಗಿ ಆಗುತ್ತಿದೆಯಾ ಕೇಳು, ಅದು ನಿಂತಿದ್ದರೆ ಮೂಳೆ ಸೊರಗುತ್ತದೆ. ಇದರಲ್ಲಿ ನಾಚಿಕೆ ಏನಿಲ್ಲ, ಡಾಕ್ಟರಿಗೆ ಹೇಳಲೇಬೇಕು. ಮುದ್ದೆ ತಿನ್ನಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಹಿಟ್ಟು ಗಿರೀಶನ ಕೈಲಿ ಕಳಿಸುತ್ತೇನೆ.

ಎಂಆರ್‌ಐಗೆ ಹೋಗುವಾಗ ಸರ, ಓಲೆ, ಹೇರ್‌ಪಿನ್ ಎಲ್ಲ ಮನೆಯಲ್ಲೇ ತೆಗೆದಿಟ್ಟು ಹೋಗಲಿ. ಅಪಾಯಿಂಟ್‌ಮೆಂಟ್ ಯಾವಾಗ ಸಿಕ್ಕಿತು ಅಂತ ಇವತ್ತೇ ಫೋನ್ ಮಾಡಿ ಹೇಳು.